ಗಡ್ಡೆಯೊಳಗಿನ ರೋಗನಿರೋಧಕ ಕೋಶಗಳು ಸ್ಕ್ಯಾನ್‌ನಲ್ಲಿ ಕಾಣುತ್ತವೆಯೇ?

ಪ್ರಶ್ನೆ: ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಬಳಸುವ ಇಮ್ಯುನೊಥೆರಪಿ ಫಲಿಸಬೇಕಾದರೆ ಗಡ್ಡೆಯೊಳಗೆ ರೋಗನಿರೋಧಕ ಕೋಶಗಳು ಇದ್ದರೆ ಒಳ್ಳೆಯದು ಎನ್ನುತ್ತಾರೆ. ಬಯಾಪ್ಸಿಯ ಬದಲು ಸ್ಕ್ಯಾನ್ ಮಾಡಿಯೇ ಇದನ್ನು ತಿಳಿಯಲಾಗದೇ?

ಉತ್ತರ: ಒಂದೊಂದೇ ಕೋಶವನ್ನು ಕಾಣುವುದು ಸಾಧ್ಯವಿಲ್ಲ. ಇಂಥ ರೋಗನಿರೋಧಕ ಕೋಶಗಳಲ್ಲಿ ಒಂದು ಬಗೆಯಾದ ಟಿ ಕೋಶದ ಅಡ್ಡಳತೆ ಸುಮಾರು 7ರಿಂದ 10 ಮೈಕ್ರೊಮೀಟರ್. ದೇಹಕ್ಕೆ ಕೊಟ್ಟ ವಿಕಿರಣಶೀಲ ವಸ್ತು ಎಲ್ಲೆಲ್ಲಿ ಸೇರಿದೆಯೆಂದು ತೋರಿಸುವ ಪೆಟ್ ಸ್ಕ್ಯಾನ್‌ಗೆ ಎರಡು ಚುಕ್ಕೆಗಳು ಬೇರೆಬೇರೆಯಾಗಿ ತೋರಬೇಕಾದರೆ ಅವುಗಳ ನಡುವೆ ನಾಲ್ಕೈದು ಮಿಲಿಮೀಟರ್ ಅಂತರವಾದರೂ ಇರಬೇಕು. ಅಷ್ಟು ಜಾಗದಲ್ಲಿ ಕೋಟಿಗಟ್ಟಲೆ ಕೋಶಗಳು ಹಿಡಿಸುತ್ತವೆ. ಹೀಗಾಗಿ ಸ್ಕ್ಯಾನ್‌ನಿಂದ ಸಿಗುವುದು ಅವು ಗುಂಪುಗೂಡಿರುವ ಸುಳಿವು ಮಾತ್ರ.

ಆ ಸುಳಿವಿಗೂ ಬೆಲೆಯಿದೆ. ಬಯಾಪ್ಸಿಯ ಸೂಜಿ ತೆಗೆಯುವುದು ನೂಲಿನಂಥ ಒಂದು ಎಳೆಯನ್ನು. ಟಿ ಕೋಶಗಳು ಗಡ್ಡೆಯ ಅಂಚಿನಲ್ಲಿ ಮುತ್ತಿಕೊಂಡು ಒಳಗೆ ಕಾಲಿಡದೇ ಇರಬಹುದು. ಶ್ವಾಸಕೋಶದ ಗಡ್ಡೆಯಲ್ಲಿ ತುಂಬಿದ್ದು, ಅದೇ ರೋಗಿಯ ಯಕೃತ್ತಿಗೆ ಹರಡಿದ ಗಡ್ಡೆಯಲ್ಲಿ ಇಲ್ಲದಿರಬಹುದು. ಇಡೀ ದೇಹವನ್ನು ಒಮ್ಮೆಗೇ ತೋರಿಸುವ ಶಕ್ತಿ ಸೂಜಿಗಿಲ್ಲ.

ಈ ಕೊರತೆಯನ್ನು ತುಂಬಲೆಂದು, ಗಡ್ಡೆಯನ್ನು ಕೊಲ್ಲುವ ಟಿ ಕೋಶಗಳ ಮೈಮೇಲಿರುವ ಸಿಡಿ8 ಎಂಬ ಪ್ರೋಟೀನಿಗೆ ಅಂಟಿಕೊಳ್ಳುವಂತೆ ರೂಪಿಸಿದ ಚಿಕ್ಕ ಪ್ರತಿಕಾಯಕ್ಕೆ ವಿಕಿರಣಶೀಲ ಜಿರ್ಕೋನಿಯಂ-89 ಅನ್ನು ಜೋಡಿಸಿ ರಕ್ತನಾಳಕ್ಕೆ ಕೊಟ್ಟು ಪೆಟ್ ಸ್ಕ್ಯಾನ್ ಮಾಡುವ ವಿಧಾನವನ್ನು ಸಂಶೋಧಕರು ಮನುಷ್ಯರಲ್ಲಿ ಪರೀಕ್ಷಿಸುತ್ತಿದ್ದಾರೆ. ಈ ಜಿರ್ಕೋನಿಯಂನ ಅರ್ಧಾಯು, ಅಂದರೆ ವಿಕಿರಣ ಅರ್ಧಕ್ಕಿಳಿಯಲು ಬೇಕಾದ ಸಮಯ, ಸುಮಾರು 78 ಗಂಟೆಯಾದ್ದರಿಂದ ಮರುದಿನ ಸ್ಕ್ಯಾನ್ ಮಾಡಿದರೂ ಸಂಕೇತ ಉಳಿದಿರುತ್ತದೆ. ಆದರೆ ಇಂಥ ಚಿತ್ರದಲ್ಲಿ ಮೊದಲು ಕಣ್ಣಿಗೆ ಹೊಡೆಯುವುದು ಬಹುಮಟ್ಟಿಗೆ ಗುಲ್ಮವೇ (ಸ್ಪ್ಲೀನ್) ಹೊರತು ಗಡ್ಡೆಯಲ್ಲ, ಏಕೆಂದರೆ ಟಿ ಕೋಶಗಳು ಅಲ್ಲಿ ಸಹಜವಾಗಿಯೇ ನೆಲೆಸಿರುತ್ತವೆ. ದುಗ್ಧಗ್ರಂಥಿಗಳೂ ಬೆಳಗುತ್ತವೆ, ಗ್ರಂಥಿಗೇ ಕ್ಯಾನ್ಸರ್ ಹರಡಿದ್ದರೆ ಆ ಬೆಳಕಿನ ಅರ್ಥ ಹೇಳುವುದು ಕಷ್ಟ.

ಸಾಮಾನ್ಯ ಸಿಟಿ ಚಿತ್ರದಲ್ಲಿನ ಬೂದುಬಣ್ಣದ ಏರಿಳಿತವನ್ನು ಗಣಕದಿಂದ ಅಳೆದು ಸಿಡಿ8 ಕೋಶಗಳ ಪ್ರಮಾಣವನ್ನು ಅಂದಾಜಿಸುವ ರೇಡಿಯೋಮಿಕ್ಸ್ ಎಂಬ ಇನ್ನೊಂದು ದಾರಿಯೂ ಇದೆ. ಯಂತ್ರ ಬದಲಾದರೆ ಅಳತೆಯೂ ಬದಲಾಗಬಹುದಾದ್ದರಿಂದ, ಒಬ್ಬ ರೋಗಿಯ ಚಿಕಿತ್ಸೆಯನ್ನು ಇದೊಂದನ್ನೇ ನಂಬಿ ನಿರ್ಧರಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಹೆಚ್ಚಿನ ರೋಗಿಗಳಿಗೆ ಪರಿಚಯವಿರುವ, ಗ್ಲೂಕೋಸ್ ಆಧಾರಿತ ಪೆಟ್ ಸ್ಕ್ಯಾನ್‌ಗೆ ಈ ಭೇದ ತಿಳಿಯದು: ಕ್ಯಾನ್ಸರ್ ಕೋಶಗಳಂತೆ, ಕೆಲಸಕ್ಕಿಳಿದ ರೋಗನಿರೋಧಕ ಕೋಶಗಳೂ ಗ್ಲೂಕೋಸನ್ನು ಹೀರುತ್ತವೆ. ಚಿಕಿತ್ಸೆ ಫಲಿಸುತ್ತಿರುವಾಗಲೇ, ಒಳನುಗ್ಗಿದ ಕೋಶಗಳಿಂದಾಗಿ ಗಡ್ಡೆ ಊದಿದಂತೆ ಕಾಣುವುದೂ ಉಂಟು; ಇದು ಅಪರೂಪ. ಆದ್ದರಿಂದಲೇ 2017ರಲ್ಲಿ ಪ್ರಕಟವಾದ, ಇಮ್ಯುನೊಥೆರಪಿಗೆ ಗಡ್ಡೆ ಹೇಗೆ ಸ್ಪಂದಿಸುತ್ತಿದೆಯೆಂದು ಅಳೆಯುವ ಐರೆಸಿಸ್ಟ್ ಮಾನದಂಡವು, ಗಡ್ಡೆ ಬೆಳೆದಂತೆ ತೋರಿದಾಗ 4ರಿಂದ 8 ವಾರಗಳಲ್ಲಿ ಮತ್ತೆ ಸ್ಕ್ಯಾನ್ ಮಾಡಿ ಖಚಿತಪಡಿಸಿಕೊಳ್ಳಲು ಹೇಳುತ್ತದೆ.

ಕ್ಯಾನ್ಸರಿನ ಬಗೆಯನ್ನೂ ಅದರ ಜೀನ್ ಬದಲಾವಣೆಗಳನ್ನೂ ತಿಳಿಯಲು ಅಂಗಾಂಶವೇ ಬೇಕಾಗುವುದರಿಂದ ಸದ್ಯಕ್ಕೆ ಬಯಾಪ್ಸಿ ತಪ್ಪುವುದಿಲ್ಲ. ಸೂಜಿಯನ್ನು ಯಾವ ಗಡ್ಡೆಗೆ ಹಾಕಬೇಕೆಂಬುದನ್ನು ಮಾತ್ರ ಮುಂದೆ ಇಂಥ ಸ್ಕ್ಯಾನ್ ಸೂಚಿಸಬಹುದು.