ಎಂಡೋಸ್ಕೋಪಿ ಕೊಠಡಿಯ ಗಡಿಯಾರ ಮತ್ತು ಮಂಪರು ಮದ್ದು

ಬಾಯಿಯಿಂದ ನಳಿಕೆ ಇಳಿಸಿ ಜಠರದೊಳಗೆ ಇಣುಕುವ ಎಂಡೋಸ್ಕೋಪಿಗೆ ತಗಲುವುದು ಐದರಿಂದ ಹತ್ತು ನಿಮಿಷ. ಆದರೆ ಬೆಳಿಗ್ಗೆ ಎಂಟಕ್ಕೆ ಹೆಸರು ಬರೆಸಿದವರು ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಎಷ್ಟೋ ಸಲ ಮಧ್ಯಾಹ್ನವಾಗಿರುತ್ತದೆ. ನಡುವಿನ ಹೊತ್ತನ್ನು ತಿಂದದ್ದು ಯಾವುದು? ನೋಂದಣಿ, ಕಾಗದಪತ್ರ, ನಳಿಕೆ ತೊಳೆಯುವ ಕೆಲಸ ಎಲ್ಲಕ್ಕೂ ಅದರಲ್ಲಿ ಪಾಲಿದೆ. ದೊಡ್ಡ ಪಾಲು ಮಾತ್ರ ಮಂಪರು ಮದ್ದಿನದು. ಮದ್ದು ಹತ್ತಲು ಕಾಯಬೇಕು, ಇಳಿಯಲು ಕಾಯಬೇಕು, ಅದನ್ನು ಕೊಡಲು ಅಧಿಕಾರವಿರುವವರು ಬರುವವರೆಗೂ ಕಾಯಬೇಕು. ಕಳೆದ ಅರವತ್ತು ವರ್ಷಗಳಲ್ಲಿ ಈ ಮದ್ದು ಹಲವು ಸಲ ಬದಲಾಗಿದೆ, ಅದರ ಜೊತೆಗೇ ಘಟಕದ ದಿನಚರಿಯೂ ಬದಲಾಗಿದೆ.

ಮೊದಲಿಗೆ ಮಂಪರಿನ ಮಾತೇ ಇರಲಿಲ್ಲ. 1868ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಅಡಾಲ್ಫ್ ಕುಸ್‌ಮೌಲ್ ಬಗ್ಗದ ಕೊಳವೆಯೊಂದನ್ನು ಜಠರಕ್ಕಿಳಿಸಿ ನೋಡಿದ್ದು ಕತ್ತಿ ನುಂಗುವ ಕಸುಬಿನವನ ಮೇಲೆ. ಗಂಟಲನ್ನು ಪಳಗಿಸಿಕೊಂಡವನಲ್ಲದೆ ಬೇರೆ ಯಾರೂ ಅದನ್ನು ತಾಳುವಂತಿರಲಿಲ್ಲ. 1932ರಲ್ಲಿ ರುಡಾಲ್ಫ್ ಶಿಂಡ್ಲರ್ ತುದಿಯ ಭಾಗ ಬಾಗುವಂಥ ಗ್ಯಾಸ್ಟ್ರೋಸ್ಕೋಪನ್ನು ತಂದರು. ಅವರ ಪರೀಕ್ಷೆಗಳಲ್ಲಿ ರೋಗಿಯ ತಲೆಯನ್ನು ಸರಿಯಾದ ಕೋನದಲ್ಲಿ ಹಿಡಿದು, ಧೈರ್ಯ ಹೇಳುತ್ತ ಕೂರುತ್ತಿದ್ದವರು ಅವರ ಪತ್ನಿ ಗೇಬ್ರಿಯೆಲೆ. ಗಂಟಲು ಮರಗಟ್ಟಿಸುವ ಔಷಧದಷ್ಟೇ ಆ ಎರಡು ಕೈಗಳನ್ನೂ ಕೆಲಸ ನೆಚ್ಚಿಕೊಂಡಿತ್ತು. ಇಂದಿಗೂ ತಲೆಯ ಬಳಿ ನಿಂತ ನರ್ಸ್ ಒಳ್ಳೆಯವರಾದರೆ ಮದ್ದಿನ ಪ್ರಮಾಣ ಇಳಿಯುತ್ತದೆ ಎಂಬುದನ್ನು ಈ ಕೆಲಸದಲ್ಲಿರುವವರು ಒಪ್ಪುತ್ತಾರೆ.

1957ರಲ್ಲಿ ಬೇಸಿಲ್ ಹಿರ್ಶೋವಿಟ್ಜ್ ಗಾಜಿನ ಎಳೆಗಳಿಂದ ಮಾಡಿದ, ಪೂರ್ತಿ ಬಾಗುವ ನಳಿಕೆಯನ್ನು ಮೊದಲು ತಾವೇ ನುಂಗಿ ನೋಡಿದರು. ಅಲ್ಲಿಂದ ಪರೀಕ್ಷೆ ಸಾಮಾನ್ಯರಿಗೂ ಎಟುಕಿತು, ದಿನದ ರೋಗಿಗಳ ಪಟ್ಟಿ ಉದ್ದವಾಯಿತು. 1963ರಲ್ಲಿ ಮಾರುಕಟ್ಟೆಗೆ ಬಂದ ಡಯಾಜೆಪಾಮ್ ಕ್ರಮೇಣ ಈ ಕೊಠಡಿಗೂ ಬಂತು. ಅದು ಆತಂಕ ಇಳಿಸುತ್ತಿತ್ತು, ನಡೆದದ್ದನ್ನು ಮರೆಸುತ್ತಿತ್ತು. ಆದರೆ ಚುಚ್ಚಿದ ರಕ್ತನಾಳ ಉರಿಯುತ್ತಿತ್ತು. ಮದ್ದಿನ ಅರ್ಧ ಭಾಗ ದೇಹದಿಂದ ಕಳೆಯಲು ಒಂದು ದಿನ, ಕೆಲವರಲ್ಲಿ ಎರಡು ದಿನ ಬೇಕಾಗುತ್ತಿತ್ತು. ಬೆಳಿಗ್ಗೆ ಬಂದು ಸಂಜೆಯೊಳಗೆ ಮನೆ ಸೇರುವ ಪರೀಕ್ಷೆಗೆ ಇದು ಹೊಂದುವ ಮದ್ದಲ್ಲ.

ಆ ಕೊರತೆ ತುಂಬಲು ಬಂದದ್ದು ಮಿಡಜೋಲಾಮ್. ನೀರಿನಲ್ಲಿ ಕರಗುವುದರಿಂದ ಉರಿಯಿಲ್ಲ, ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. 1985ರ ಕೊನೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಈ ಇತಿಹಾಸದ ಅತ್ಯಂತ ನೋವಿನ ಅಧ್ಯಾಯ ಆಗಲೇ ತೆರೆದದ್ದು. ಹೊಸ ಮದ್ದಿನ ಬಲವನ್ನು ವೈದ್ಯರು ಕಡಿಮೆ ಅಂದಾಜು ಮಾಡಿದರು. ಡಯಾಜೆಪಾಮ್ ಕೊಟ್ಟ ಕೈಯಲ್ಲೇ, ಅದೇ ರೂಢಿಯಲ್ಲೇ ಕೊಟ್ಟರು. ಉಸಿರು ನಿಂತು ಹತ್ತಾರು ಮಂದಿ ಸತ್ತರು. ಅನೇಕ ಕಡೆ ರೋಗಿಯ ಉಸಿರಾಟವನ್ನು ನೋಡಿಕೊಳ್ಳಲೆಂದೇ ಯಾರೂ ಇರಲಿಲ್ಲ. ವೈದ್ಯರ ಕಣ್ಣು ನಳಿಕೆಯ ಮೇಲೆ, ಸಹಾಯಕರ ಕೈ ಉಪಕರಣಗಳ ಮೇಲೆ. 1988ರಲ್ಲಿ ಅಮೆರಿಕದ ಸಂಸತ್ತೇ ಇದನ್ನು ವಿಚಾರಣೆಗೆ ಎತ್ತಿಕೊಂಡಿತು. ಕಟ್ಟುನಿಟ್ಟಿನ ಎಚ್ಚರಿಕೆ ಬಂತು, ಕಡಿಮೆ ಸಾಂದ್ರತೆಯ ಸೀಸೆ ಬಂತು.

ಆ ಎಚ್ಚರಿಕೆಯಲ್ಲಿ ಒಂದು ಸಾಲು ನಮ್ಮ ವಿಷಯಕ್ಕೆ ಬಹಳ ಮುಖ್ಯ. ಆರೋಗ್ಯವಂತ ವಯಸ್ಕರಿಗೂ ಮೊದಲ ಸಲ 2.5 ಮಿಲಿಗ್ರಾಂ ಮೀರಬಾರದು, ಅದನ್ನು ಕನಿಷ್ಠ 2 ನಿಮಿಷ ಹಿಡಿದು ಕೊಡಬೇಕು, ಕೊಟ್ಟ ಮೇಲೆ ಇನ್ನೂ 2 ನಿಮಿಷ ಅಥವಾ ಹೆಚ್ಚು ಕಾದು ನೋಡಬೇಕು. ವಯಸ್ಸಾದವರಿಗೆ ಇನ್ನೂ ಕಡಿಮೆ. ಪಟ್ಟಿಯನ್ನು ಓಡಿಸುವವರ ಕಣ್ಣಿಗೆ ಈ ನಿಮಿಷಗಳು ವ್ಯರ್ಥ ಕಾಯುವಿಕೆಯಂತೆ ಕಾಣುತ್ತವೆ. ನನ್ನ ಮಟ್ಟಿಗೆ ಇಡೀ ದಿನದಲ್ಲಿ ಮುಟ್ಟಲೇಬಾರದ ನಿಮಿಷಗಳೆಂದರೆ ಇವೇ. ಇವನ್ನು ಕತ್ತರಿಸಿದ್ದಕ್ಕೆ ಜನ ಪ್ರಾಣ ತೆತ್ತಿದ್ದಾರೆ.

ಇಂಗ್ಲೆಂಡಿನ ಎರಡು ವಲಯಗಳ ಆಸ್ಪತ್ರೆಗಳನ್ನು ಪರಿಶೀಲಿಸಿ 1995ರಲ್ಲಿ ಪ್ರಕಟವಾದ ವರದಿಯೂ ಇದನ್ನೇ ಹೇಳಿತು. ರೋಗನಿರ್ಣಯಕ್ಕಾಗಿ ಮಾಡುವ ಜಠರದ ಎಂಡೋಸ್ಕೋಪಿಯಲ್ಲಿ 2,000ಕ್ಕೆ ಒಂದು ಸಾವು, 200ಕ್ಕೆ ಒಂದು ತೊಡಕು. ಮಂಪರು ಕೊಡುವ ರೀತಿ ಮತ್ತು ನಿಗಾ ಇಡುವ ರೀತಿ ಎರಡರಲ್ಲೂ ಲೋಪಗಳಿದ್ದವು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್, ಮೂಗಿಗೆ ಆಮ್ಲಜನಕ, ಮಿಡಜೋಲಾಮ್‌ಗೆ ಪ್ರತಿಮದ್ದಾದ ಫ್ಲೂಮಜೆನಿಲ್, ನಿಗಾಕ್ಕೆಂದೇ ಒಬ್ಬ ನರ್ಸ್, ಇವೆಲ್ಲ ನಿಯಮಗಳಾಗಿ ನೆಲೆಯೂರಿದ್ದು ಆ ದಶಕದಲ್ಲಿ.

ಅಷ್ಟರಲ್ಲಿ ಇನ್ನೊಂದು ಮದ್ದು ಶಸ್ತ್ರಚಿಕಿತ್ಸೆಯ ಕೊಠಡಿಯಿಂದ ಇತ್ತ ಕಾಲಿಟ್ಟಿತ್ತು. ಪ್ರೊಪೊಫಾಲ್ ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ ಹುಟ್ಟಿದ್ದು. ಅದರ ಹಿಂದಿದ್ದ ಜಾನ್ ಗ್ಲೆನ್ ಮೂಲತಃ ಪಶುವೈದ್ಯರು, 2018ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು. ಮೊದಲ ಮಿಶ್ರಣದ ದ್ರಾವಕ ಅಲರ್ಜಿ ತಂದದ್ದರಿಂದ ಅದನ್ನು ಕೈಬಿಟ್ಟು, ಸೋಯಾ ಎಣ್ಣೆ ಮತ್ತು ಮೊಟ್ಟೆಯ ಲೆಸಿಥಿನ್ ಬಳಸಿ ಹಾಲಿನಂಥ ದ್ರವ ಮಾಡಿದರು. 1986ರಲ್ಲಿ ಬ್ರಿಟನ್ನಿನಲ್ಲಿ, 1989ರಲ್ಲಿ ಅಮೆರಿಕದಲ್ಲಿ ಅದು ಬಳಕೆಗೆ ಬಂತು. ಒಂದು ನಿಮಿಷದೊಳಗೆ ನಿದ್ದೆ, ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ತಿಳಿಯಾದ ಎಚ್ಚರ. ಪಟ್ಟಿ ಓಡಿಸುವವರಿಗೆ ಇನ್ನೇನು ಬೇಕು?

ಬೇಕಾದದ್ದು ಇತ್ತು. ಪ್ರೊಪೊಫಾಲ್‌ಗೆ ಪ್ರತಿಮದ್ದಿಲ್ಲ. ಹಗುರ ಮಂಪರಿಗೂ ಉಸಿರು ತಗ್ಗುವ ಗಾಢ ನಿದ್ದೆಗೂ ನಡುವಿನ ಅಂತರ ಬಹಳ ಕಿರಿದು. ಹಾಗಾಗಿ ಅರಿವಳಿಕೆಯಲ್ಲಿ ತರಬೇತಾದ, ಪರೀಕ್ಷೆಯಲ್ಲಿ ಕೈಹಾಕದ ವ್ಯಕ್ತಿಯೇ ಅದನ್ನು ಕೊಡಬೇಕೆಂದು ಅಮೆರಿಕದಲ್ಲಿ ಮದ್ದಿನ ಜೊತೆಯ ಸೂಚನೆಯಲ್ಲೇ ಬರೆದರು. 2005ರಲ್ಲಿ ಅಲ್ಲಿನ ಜಠರ-ಕರುಳು ತಜ್ಞರ ಸಂಘ ಈ ಷರತ್ತನ್ನು ತೆಗೆಯಿರೆಂದು ಅರ್ಜಿ ಹಾಕಿತು, 2010ರಲ್ಲಿ ಅದು ತಿರಸ್ಕೃತವಾಯಿತು. ಆ ನಡುವೆ, 2009ರಲ್ಲಿ, ಎಂಡೋಸ್ಕೋಪಿ ವೈದ್ಯರ ಮೇಲ್ವಿಚಾರಣೆಯಲ್ಲೇ ಪ್ರೊಪೊಫಾಲ್ ಕೊಟ್ಟ 6,46,080 ಪ್ರಕರಣಗಳನ್ನು ಹಲವು ದೇಶಗಳಿಂದ ಒಟ್ಟುಗೂಡಿಸಿದ ಲೆಕ್ಕ ಹೊರಬಂತು. 11 ಮಂದಿಗೆ ಉಸಿರ್ನಾಳಕ್ಕೆ ಕೊಳವೆ ಹಾಕಬೇಕಾಗಿತ್ತು, 4 ಸಾವು. ಒಂದು ಪಕ್ಷಕ್ಕೆ ಇದು ಸುರಕ್ಷತೆಯ ಸಾಕ್ಷಿ. ಇನ್ನೊಂದು ಪಕ್ಷಕ್ಕೆ, ತರಬೇತಾದ ತಂಡಗಳು ತಾವೇ ಆರಿಸಿಕೊಂಡ ರೋಗಿಗಳ ಲೆಕ್ಕ. ಎರಡೂ ಮಾತಿನಲ್ಲಿ ಹುರುಳಿದೆ. ನಿಯಮ ಕದಲಲಿಲ್ಲವಾದ್ದರಿಂದ ಅರಿವಳಿಕೆ ತಜ್ಞರು ಈ ಕೊಠಡಿಗಳಿಗೆ ಬಂದರು. ಅಮೆರಿಕದಲ್ಲಿ 2003ರಲ್ಲಿ ಸುಮಾರು 14 ಶೇಕಡಾ ಪರೀಕ್ಷೆಗಳಿಗಿದ್ದ ಅವರ ಹಾಜರಿ 2009ರ ಹೊತ್ತಿಗೆ 30 ಶೇಕಡಾ ದಾಟಿತ್ತು. ಖರ್ಚೂ ಅದರೊಡನೆ ಏರಿತು. ಮನುಷ್ಯರ ಬದಲು ಯಂತ್ರವೇ ಪ್ರಮಾಣ ನಿಯಂತ್ರಿಸಲಿ ಎಂದು ತಂದ ಸೆಡಾಸಿಸ್‌ಗೆ 2013ರಲ್ಲಿ ಅನುಮತಿ ಸಿಕ್ಕಿತು. ಮಾರಾಟವಾಗದೆ 2016ರಲ್ಲಿ ಅದನ್ನು ಹಿಂತೆಗೆದುಕೊಂಡರು.

ಈಗ ಬೇಗ ಇಳಿಯುವ ಮದ್ದು ನಿಜಕ್ಕೂ ಎಷ್ಟು ಉಳಿಸುತ್ತದೆಂದು ಒಂದು ಸರಳ ಲೆಕ್ಕ ಹಾಕೋಣ. ಎರಡು ಕೊಠಡಿಗಳಿವೆ, ಪ್ರತಿಯೊಂದರಿಂದ 20 ನಿಮಿಷಕ್ಕೊಬ್ಬರು ಹೊರಬರುತ್ತಾರೆ ಎಂದಿಟ್ಟುಕೊಳ್ಳಿ. ಎಚ್ಚರಾಗಲು ತಲಾ ಒಂದು ಗಂಟೆ ಬೇಕಾದರೆ ರಿಕವರಿಯಲ್ಲಿ, ಅಂದರೆ ಮಂಪರು ಇಳಿಯುವ ತನಕ ಮಲಗಿಸುವ ಕೋಣೆಯಲ್ಲಿ, ಆರು ಹಾಸಿಗೆ ಬೇಕು. ಇರುವುದು ನಾಲ್ಕೇ ಆದರೆ ವೈದ್ಯರು, ನಳಿಕೆ, ಮುಂದಿನ ರೋಗಿ ಮೂವರೂ ಸಿದ್ಧರಿದ್ದು ಕೊಠಡಿ ಸುಮ್ಮನೆ ನಿಂತಿರುತ್ತದೆ. ಅರ್ಧ ಗಂಟೆಯಲ್ಲಿ ಎಚ್ಚರಾಗುವ ಮದ್ದು ಬಂದರೆ ಮೂರು ಹಾಸಿಗೆ ಸಾಕು. ಅಲ್ಲಿಗೆ ಗೆದ್ದಂತಾಯಿತೇ? ಇಲ್ಲ, ಗಂಟು ಬೇರೆಡೆ ಸರಿಯುತ್ತದೆ. ಒಂದು ನಳಿಕೆಯ ಬಳಕೆಗೆ 20 ನಿಮಿಷ, ಉಜ್ಜಿ ತೊಳೆದು ಸೋಂಕು ಕಳೆದು ಒಣಗಿಸಲು 60 ನಿಮಿಷ ಎಂದರೆ ಕೊಠಡಿಗೆ ನಾಲ್ಕರಂತೆ ಎಂಟು ನಳಿಕೆ ಇರಬೇಕು. ಆರೇ ಇದ್ದರೆ ಪ್ರೊಪೊಫಾಲ್ ಎಷ್ಟು ಬೇಗ ಇಳಿದರೂ ಪಟ್ಟಿ ಅಲ್ಲೇ ನಿಲ್ಲುತ್ತದೆ. ಅರಿವಳಿಕೆ ತಜ್ಞರು ಬೇರೆ ವಿಭಾಗದಲ್ಲಿ ಸಿಕ್ಕಿಕೊಂಡು ಮೊದಲ ರೋಗಿಗೇ ಅರ್ಧ ಗಂಟೆ ತಡವಾದರೆ ಆ ತಡ ಸಂಜೆಯವರೆಗೂ ಬೆನ್ನು ಬಿಡುವುದಿಲ್ಲ. ಪರೀಕ್ಷಾ ಕೊಠಡಿಯ ನಿಮಿಷಗಳನ್ನಷ್ಟೇ ಅಳೆದು ಒಂದು ಮದ್ದನ್ನು ಹೊಗಳುವ ವರದಿಗಳನ್ನು ನಾನು ನಂಬದಿರಲು ಕಾರಣ ಇದೇ. ರೋಗಿ ಬಾಗಿಲು ಹೊಕ್ಕಾಗಿನಿಂದ ಹೊರಹೋಗುವವರೆಗಿನ ಹೊತ್ತನ್ನು ಅಳೆಯಬೇಕು.

ಹಾಗೆ ಅಳೆದರೆ ಎಲ್ಲರಿಗಿಂತ ಬೇಗ ಮನೆ ಸೇರುವವರು ಮಂಪರೇ ಬೇಡವೆಂದವರು. ಗಂಟಲಿಗೆ ಲಿಡೋಕೇನ್ ಸ್ಪ್ರೇ, ಹತ್ತು ನಿಮಿಷದ ಇರಿಸುಮುರಿಸು, ಎದ್ದು ನಡೆಯುವುದು. ಗಂಟಲಿನ ಮರಗಟ್ಟು ಇಳಿಯುವ ತನಕ ನೀರು ಕುಡಿಯದಿದ್ದರೆ ಸಾಕು. ಜೊತೆಗೊಬ್ಬರು ಬೇಕಿಲ್ಲ, ಮರುದಿನದವರೆಗೆ ವಾಹನ ಓಡಿಸಬಾರದೆಂಬ ಕಟ್ಟಿಲ್ಲ. ಮೂಗಿನ ಮೂಲಕ ಹೋಗುವ ತೆಳು ನಳಿಕೆ ಇದನ್ನು ಇನ್ನಷ್ಟು ಹಗುರ ಮಾಡಿದೆ. ದೊಡ್ಡ ಕರುಳಿನ ಕೊಲೊನೋಸ್ಕೋಪಿಯಲ್ಲೂ ಗಾಳಿಯ ಬದಲು ನೀರು ತುಂಬಿ ಮುಂದೆ ಸಾಗಿದರೆ ನೋವು ಕಡಿಮೆ. ಆದರೆ ಇದು ರೋಗಿಯೇ ಆರಿಸಿಕೊಳ್ಳಬೇಕಾದ ದಾರಿ. ಹಾಸಿಗೆ ಖಾಲಿಯಿಲ್ಲವೆಂಬ ಕಾರಣಕ್ಕೆ ಹೆದರಿದವರನ್ನು ಎಚ್ಚರದಲ್ಲೇ ಮಲಗಿಸುವುದು ಅನ್ಯಾಯ. ಅಂಥವರು ಮುಂದೆ ಪರೀಕ್ಷೆಗೆ ಬೇಕಾದಾಗಲೂ ಬಾರದೆ ಉಳಿಯಬಹುದು.

2020ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರೆಮಿಮಜೋಲಾಮ್ ಹೊಸ ಆಯ್ಕೆ. ದೇಹದ ಕಿಣ್ವಗಳು ಅದನ್ನು ಬೇಗ ಒಡೆಯುತ್ತವೆ, ಫ್ಲೂಮಜೆನಿಲ್ ಪ್ರತಿಮದ್ದಾಗಿ ನಡೆಯುತ್ತದೆ. ಮಿಡಜೋಲಾಮ್‌ನ ಭದ್ರತೆಗೆ ಪ್ರೊಪೊಫಾಲ್‌ನ ವೇಗ ಸೇರಿಸುವ ಪ್ರಯತ್ನವಿದು. ಆದರೂ ಹೊಸ ಮದ್ದಿಗೆ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಮಂಪರು ಬೇಕೇ, ಬೇಕಾದರೆ ಜೊತೆಗೆ ಯಾರು ಬರುತ್ತಾರೆ, ಉಸಿರಾಟದ ತೊಂದರೆಯೋ ನಿದ್ದೆಯಲ್ಲಿ ಗೊರಕೆಯೋ ಇದೆಯೇ ಎಂದು ದಿನಾಂಕ ಕೊಡುವಾಗಲೇ ಕೇಳಿಕೊಂಡರೆ, ಇಳಿಯಲು ಹೊತ್ತು ಬೇಕಾದವರನ್ನು ಬೆಳಗಿನ ಪಟ್ಟಿಗೆ, ಮಂಪರು ಬೇಡವೆಂದವರನ್ನು ಕೊನೆಯ ಗಂಟೆಗೆ ಹಾಕಬಹುದು. ಆಗ ಸಂಜೆ ಕೊನೆಯ ನಳಿಕೆ ತೊಳೆಯಲು ಹೋಗುವ ಹೊತ್ತಿಗೆ ರಿಕವರಿಯ ಹಾಸಿಗೆಗಳೂ ಖಾಲಿಯಾಗಿರುತ್ತವೆ.