ಎಚ್‌ಡಿಆರ್‌ಗೂ ಮೊದಲು ಹಿಸ್ಟೋಗ್ರಾಂ ನೋಡಿ

ಪುಣೆಯ ನಮ್ಮ ಕನ್ನಡದ ಹುಡುಗರು ಭಾನುವಾರ ಸಿಂಹಗಡ ಕೋಟೆ ಹತ್ತಿದರೆ ಸೋಮವಾರ ನನಗೆ ಫೋಟೊ ಬರುತ್ತದೆ, ಜೊತೆಗೆ ಪ್ರಶ್ನೆ: "ಸರ್, ಇದಕ್ಕೆ ಎಚ್‌ಡಿಆರ್ ಮಾಡ್ಬೇಕಿತ್ತಾ?" ಎಚ್‌ಡಿಆರ್ ಅಂದರೆ ಬೆಳಕು ಹೆಚ್ಚು-ಕಡಿಮೆ ಮಾಡಿ ತೆಗೆದ ಹಲವು ಫ್ರೇಮುಗಳನ್ನು ಒಂದೇ ಚಿತ್ರವಾಗಿ ಸೇರಿಸುವುದು. ಮಳೆಗಾಲದ ಫೋಟೊ ಆದರೆ ಹೆಚ್ಚಾಗಿ ಬೇಡ ಅಂತಲೇ ಹೇಳುತ್ತೇನೆ. ಮೋಡ ಕವಿದಾಗ ಗಾಢ ನೆರಳೇ ಇರುವುದಿಲ್ಲ. ಈಗಿನ ಒಳ್ಳೆಯ ಫುಲ್‌ಫ್ರೇಮ್ ಕ್ಯಾಮೆರಾ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100ರಲ್ಲಿ ಅತಿ ಕಪ್ಪಿನಿಂದ ಅತಿ ಬೆಳಕಿನವರೆಗೆ ಸುಮಾರು 14 ಸ್ಟಾಪ್ ಹಿಡಿಯುತ್ತದೆ. ಒಂದೊಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು. ಹಾಗಾಗಿ ಒಂದೇ ರಾ ಫೈಲ್ (ಸೆನ್ಸರ್ ಹಿಡಿದದ್ದನ್ನೆಲ್ಲ ಹಾಗೇ ಉಳಿಸುವ ಫೈಲ್) ಸಾಕು.

ಚಳಿಗಾಲದ ಬೆಳಗಿನ ಕಥೆ ಬೇರೆ. ಸೂರ್ಯ ಎದುರಿಗೇ ಹುಟ್ಟುತ್ತಾನೆ, ಕೆಳಗೆ ಖಡಕವಾಸಲಾ ಕಡೆಯ ಕಣಿವೆ ಇನ್ನೂ ಕತ್ತಲು. ಕ್ಯಾಮೆರಾದ ಹಿಸ್ಟೋಗ್ರಾಂ ನೋಡಿ, ಅದು ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ಎಷ್ಟಿದೆ ಅಂತ ತೋರಿಸುವ ಗ್ರಾಫ್. ಅದು ಎಡ, ಬಲ ಎರಡೂ ಅಂಚಿಗೆ ಒತ್ತಿಕೊಂಡಿದ್ದರೆ ಆಗ ಬ್ರಾಕೆಟಿಂಗ್ ಮಾಡಿ, ಅಂದರೆ ಒಂದೇ ದೃಶ್ಯವನ್ನು ಬೇರೆಬೇರೆ ಬೆಳಕಿಗೆ ಹೊಂದಿಸಿ ಹಲವು ಸಲ ತೆಗೆಯಿರಿ.

ಟ್ರೈಪಾಡ್ ಬೇಕು. ಫೋಕಸ್ ಮ್ಯಾನುಯಲ್, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8 ಅಥವಾ ಎಫ್/11. ಬದಲಾಗಬೇಕಾದ್ದು ಶಟರ್ ಮಾತ್ರ. ಅಪರ್ಚರ್ ಬದಲಾದರೆ ಫೋಕಸ್‌ನ ಆಳವೂ ಬದಲಾಗಿ ಫ್ರೇಮುಗಳು ಒಂದಕ್ಕೊಂದು ಕೂಡುವುದಿಲ್ಲ. ಎರಡೆರಡು ಸ್ಟಾಪ್ ಅಂತರದಲ್ಲಿ 3 ಫ್ರೇಮ್: ನಡುವಿನದು 1/60 ಸೆಕೆಂಡ್ ಇದ್ದರೆ ಉಳಿದವು 1/250 ಮತ್ತು 1/15. ಆದರೆ "ಮೂರು ಸಾಕು" ಅಂತ ಸುಮ್ನೆ ನಂಬಬೇಡಿ. ಅತಿ ಕಪ್ಪು ಫ್ರೇಮಿನಲ್ಲಿ ಹಿಸ್ಟೋಗ್ರಾಂನ ಬಲದ ಅಂಚು ಖಾಲಿ ಇರಬೇಕು, ಅತಿ ಬೆಳಕಿನದರಲ್ಲಿ ಎಡದ ಅಂಚು. ಇಲ್ಲದಿದ್ದರೆ 5 ತೆಗೆಯಿರಿ. ಸೂರ್ಯನ ಬಿಂಬ ಮಾತ್ರ ಬೆಳ್ಳಗಾಗಲಿ ಬಿಡಿ, ನಮ್ಮ ಕಣ್ಣಿಗೂ ಅದು ಹಾಗೇ ಅಲ್ವಾ? ಸೂರ್ಯ ಚೆನ್ನಾಗಿ ಮೇಲೆ ಬಂದಮೇಲೆ ಕ್ಯಾಮೆರಾ ಒಳಗಿಟ್ಟು ಪಿಠಲ-ಭಾಕ್ರಿ ತಿನ್ನಿ. ಆ ಬೆಳಕಿಗೆ ಯಾವ ಸಾಫ್ಟ್‌ವೇರೂ ಜೀವ ತುಂಬುವುದಿಲ್ಲ.

ಗಡದ ಮೇಲೆ ಗಾಳಿ ಜಾಸ್ತಿ. ಹುಲ್ಲು ಒಂದೊಂದು ಫ್ರೇಮಿನಲ್ಲಿ ಒಂದೊಂದು ಕಡೆ ಬಾಗಿರುತ್ತದೆ, ಸೇರಿಸಿದಾಗ ದೆವ್ವದ ನೆರಳಿನಂತೆ ಕಾಣುತ್ತದೆ. ಇದನ್ನು ಅಳಿಸುವ ಡಿಘೋಸ್ಟ್ ಆಯ್ಕೆ ಆನ್ ಮಾಡಿದರೆ ಸಾಫ್ಟ್‌ವೇರ್ ಆ ಜಾಗಕ್ಕೆ ಒಂದೇ ಫ್ರೇಮನ್ನು ಬಳಸುತ್ತದೆ. ಅದು ಕಪ್ಪು ಫ್ರೇಮ್ ಆಗಿದ್ದರೆ ಅಲ್ಲಿ ನಾಯ್ಸ್ (ಮರಳಿನಂಥ ಚುಕ್ಕೆ) ಏಳುತ್ತದೆ.

ಗೋವಾದ ವಾಗಾತೋರ್‌ನಲ್ಲಿ ಸಂಜೆ ಅಲೆ ತೆಗೆಯುವಾಗ ಇದೇ ತೊಂದರೆ, ಹಾಗಾಗಿ ನಾನು ಆಟೊ ಮರ್ಜ್ (ಸಾಫ್ಟ್‌ವೇರ್ ತಾನೇ ಫ್ರೇಮು ಸೇರಿಸುವುದು) ಬಳಸುವುದೇ ಇಲ್ಲ. ಆಕಾಶ ಒಂದು ಫ್ರೇಮಿನಿಂದ, ಸಮುದ್ರ ಇನ್ನೊಂದರಿಂದ ತೆಗೆದುಕೊಂಡು ಬೇಡದ ಭಾಗಕ್ಕೆ ಮಾಸ್ಕ್ ಹಾಕಿ ಮರೆಮಾಡಿ ಕೈಯಾರೆ ಬೆಸೆಯುತ್ತೇನೆ. ಫ್ರಾನ್ಸಿನ ಫೋಟೊಗ್ರಾಫರ್ ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ಎರಡು ನೆಗೆಟಿವ್ ಸೇರಿಸಿ ಇದನ್ನು ಮಾಡಿದ್ದರು.

ಹೆಚ್ಚಿನ ಫೋಟೊ ಕೆಡುವುದು ಮನೆಯಲ್ಲಿ, ಸ್ಲೈಡರ್ ಎಳೆಯುವಾಗ. ನೆರಳನ್ನು ಪೂರ್ತಿ ಎತ್ತಿಬಿಟ್ಟರೆ ಬಂಡೆಯ ಉಬ್ಬುತಗ್ಗೇ ಕಾಣುವುದಿಲ್ಲ, ಬೆಟ್ಟದ ಅಂಚಿನಲ್ಲಿ ಬಿಳಿ ಪ್ರಭೆ ಬೇರೆ ಮೂಡುತ್ತದೆ. ಚಿತ್ರದಲ್ಲಿ ನೀರಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಪ್ರತಿಬಿಂಬ ಯಾವಾಗಲೂ ಅದರ ಮೇಲಿನ ಆಕಾಶಕ್ಕಿಂತ ಸ್ವಲ್ಪ ಕಪ್ಪಗಿರುತ್ತದೆ. ನಿಮ್ಮ ಫೋಟೊದಲ್ಲಿ ಅದು ಉಲ್ಟಾ ಆಗಿದ್ದರೆ ನೆರಳಿನ ಸ್ಲೈಡರ್ ಹಿಂದಕ್ಕೆ ತನ್ನಿ.