ಮೂರು ಚುಕ್ಕೆ, ಒಂದು ತಲೆ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ ಕಡೆ ರಾತ್ರಿ ಗಾಡಿ ಓಡಿಸಲು ಧೈರ್ಯ ಬೇಕು. ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೇಲರ್, ಮೇಲೆ ಗುಡ್ಡದಷ್ಟು ಕಬ್ಬು. ಹಿಂದಿನ ದೀಪ ಉರಿಯುತ್ತಿದ್ದರೆ ಪುಣ್ಯ. ಕತ್ತಲಲ್ಲಿ ಮುಂದೊಂದು ಟ್ರೇಲರ್ ಇದೆ ಎಂದು ಗೊತ್ತಾಗುವುದೇ ಹಿಂಬದಿಗೆ ಅಂಟಿಸಿದ ರೇಡಿಯಂ ಪಟ್ಟಿಯಿಂದ. ನಮ್ಮ ಹೆಡ್‌ಲೈಟ್ ತಾಕಿದ ಕೂಡಲೇ ಅದು ಫಳ್ಳನೆ ಹೊಳೆಯುತ್ತದೆ.

ಅದೇ ಟ್ರೇಲರನ್ನು ರಸ್ತೆ ಬದಿಯ ಚಹಾ ಅಂಗಡಿಯ ಹತ್ತಿರ ನಿಂತು ನೋಡಿ. ಹಿಂದೆ ಬರುವ ಕಾರಿನ ಬೆಳಕು ಆ ಪಟ್ಟಿಯ ಮೇಲೆ ಬೀಳುತ್ತಲೇ ಇರುತ್ತದೆ. ನಿಮಗೆ ಮಾತ್ರ ಅಂಥ ಹೊಳಪೇನೂ ಕಾಣುವುದಿಲ್ಲ. ಬೆಳಕು ಬಂದ ದಾರಿಯಲ್ಲೇ ವಾಪಸ್ ಹೋಗಿಬಿಡುತ್ತದೆ. ಯಾರು ದೀಪ ಹಿಡಿದಿದ್ದಾರೋ ಅವರಿಗೇ ಸಿಗುತ್ತದೆ.

ಈ ಗುಣ ಇಟ್ಟುಕೊಂಡು ಇನ್ನೊಂದು ಕೆಲಸ ಮಾಡಬಹುದು. ನಿಮ್ಮ ತಲೆ ಯಾವ ಕಡೆ ತಿರುಗಿದೆ, ಎಷ್ಟು ಬಾಗಿದೆ, ಎಷ್ಟು ದೂರದಲ್ಲಿದೆ ಅನ್ನುವುದನ್ನು ಕಂಪ್ಯೂಟರ್‌ಗೆ ಹೇಳಿಕೊಡಬಹುದು. ವಿಮಾನ ಓಡಿಸುವ ಆಟಗಳಲ್ಲಿ ತಲೆ ತಿರುಗಿಸಿದರೆ ಕಿಟಕಿಯಾಚೆಯ ದೃಶ್ಯ ತಿರುಗುವುದು, ಕೈ ಆಡದವರು ತಲೆಯಿಂದಲೇ ಮೌಸ್ ಓಡಿಸುವುದು, ಮೆದುಳಿನ ಶಸ್ತ್ರಚಿಕಿತ್ಸೆಯಲ್ಲಿ ಉಪಕರಣದ ತುದಿ ಎಲ್ಲಿದೆ ಎಂದು ಡಾಕ್ಟರಿಗೆ ತೋರಿಸುವುದು, ಇವೆಲ್ಲ ಒಂದೇ ವಿದ್ಯೆಯ ಕವಲುಗಳು.

ಮೊದಲು ಆ ಪಟ್ಟಿಯನ್ನೇ ನೋಡೋಣ. ಅಂಗಡಿಯಲ್ಲಿ ಸಿಗುವುದರಲ್ಲಿ ಎರಡು ಜಾತಿ. ಭೂತಗನ್ನಡಿ ಹಿಡಿದರೆ ಒಂದರಲ್ಲಿ ಸಣ್ಣ ಮರಳಿನಂಥ ಗಾಜಿನ ಗುಂಡುಗಳು ಕಾಣುತ್ತವೆ. ಪ್ರತಿ ಗುಂಡೂ ಒಂದು ಪುಟ್ಟ ಮಸೂರ. ಒಳಗೆ ಬಂದ ಬೆಳಕನ್ನು ತನ್ನ ಹಿಂಗೋಡೆಯ ಮೇಲೆ ಒಂದು ಬಿಂದುವಾಗಿ ಕೂಡಿಸಿ, ಅಲ್ಲಿಂದ ಬಂದ ಕಡೆಗೇ ತಿರುಗಿಸಿ ಕಳಿಸುತ್ತದೆ. ಸಾದಾ ಗಾಜಿನ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆ, ಸುಮಾರು 1.5. ಅದರ ಗುಂಡಿನಲ್ಲಿ ಬೆಳಕು ಕೂಡುವುದು ಹಿಂಗೋಡೆ ದಾಟಿ ಆಚೆ. ಅದಕ್ಕೇ ಇಲ್ಲಿ ಸೂಚ್ಯಂಕ 1.9ರ ಆಸುಪಾಸಿನ ವಿಶೇಷ ಗಾಜು ಬಳಸುತ್ತಾರೆ. ಇನ್ನೊಂದು ಜಾತಿಯ ಪಟ್ಟಿಯಲ್ಲಿ ಗುಂಡು ಇರುವುದಿಲ್ಲ, ಪುಟಾಣಿ ಮೂಲೆಗಳಿರುತ್ತವೆ. ಕೋಣೆಯ ಮೂಲೆಯಲ್ಲಿ ಎರಡು ಗೋಡೆ, ಒಂದು ನೆಲ ಸೇರುತ್ತವಲ್ಲ, ಆ ಮೂರೂ ಕನ್ನಡಿಗಳೆಂದು ಇಟ್ಟುಕೊಳ್ಳಿ. ಯಾವ ಕೋನದಿಂದ ಬಂದ ಕಿರಣವಾದರೂ ಮೂರಕ್ಕೂ ಬಡಿದು ಬಂದ ದಿಕ್ಕಿಗೇ ಮರಳುತ್ತದೆ. 2023ರ ಆಗಸ್ಟ್‌ನಲ್ಲಿ ಚಂದ್ರನ ಮೇಲೆ ಇಳಿದ ನಮ್ಮ ವಿಕ್ರಮ್ ಲ್ಯಾಂಡರ್‌ನಲ್ಲಿ ನಾಸಾದ ಇಂಥದ್ದೇ 8 ಮೂಲೆಗಳ ಒಂದು ಪುಟ್ಟ ಗುಮ್ಮಟ ಇದೆ. ಅಗಲ ಬರೀ 5 ಸೆಂಟಿಮೀಟರ್. ಅದೇ ವರ್ಷ ಡಿಸೆಂಬರ್ 12ರಂದು ಸುಮಾರು 100 ಕಿಲೋಮೀಟರ್ ದೂರದಿಂದ ನಾಸಾದ ಉಪಗ್ರಹ ಅದಕ್ಕೆ ಲೇಸರ್ ಬಿಟ್ಟು, ಮರಳಿದ ಬೆಳಕನ್ನು ಹಿಡಿಯಿತು. ಕಬ್ಬಿನ ಟ್ರೇಲರ್‌ನಲ್ಲೂ ಚಂದ್ರನ ಮೇಲೂ ಒಂದೇ ಉಪಾಯ!

ಈಗ ತಲೆಯ ವಿಷಯ. ಟೋಪಿಯ ಮುಂಭಾಗಕ್ಕೆ ಒಂದು ಕ್ಲಿಪ್, ಅದರಲ್ಲಿ ಇಂಥ ಪಟ್ಟಿಯ ಮೂರು ಚುಕ್ಕೆ. ಮಾನಿಟರ್ ಮೇಲೆ ಕ್ಯಾಮೆರಾ. ಅದರ ಲೆನ್ಸ್ ಸುತ್ತಲೇ ನಾಲ್ಕೈದು ಎಲ್‌ಇಡಿ. ದೀಪ ಲೆನ್ಸಿಗೆ ಅಂಟಿಕೊಂಡೇ ಇರಬೇಕು. ದೂರ ಇಟ್ಟರೆ ಮರಳಿದ ಬೆಳಕು ದೀಪಕ್ಕೆ ಹೋಗುತ್ತದೆ, ಕ್ಯಾಮೆರಾ ಚಹಾ ಅಂಗಡಿಯ ಹತ್ತಿರ ನಿಂತವರ ಹಾಗೆ ಆಗುತ್ತದೆ.

ಆದರೆ ಮುಖದ ಮೇಲೆ ಸದಾ ದೀಪ ಬಿಟ್ಟುಕೊಂಡು ಕೂರಲು ಯಾರಿಗಾದರೂ ಆಗುತ್ತದಾ? ಅದಕ್ಕೇ ಅವಗೆಂಪು, ಅಂದರೆ ಇನ್‌ಫ್ರಾರೆಡ್ ಬೆಳಕು. ನಮ್ಮ ಕಣ್ಣಿಗೆ ತರಂಗಾಂತರ, ಅಂದರೆ ಅಲೆಯ ಉದ್ದ, ಸುಮಾರು 700 ನ್ಯಾನೋಮೀಟರ್ ದಾಟಿದ ಬೆಳಕು ಕಾಣುವುದಿಲ್ಲ ಅಂತಲೇ ಹೇಳಬಹುದು. ಕ್ಯಾಮೆರಾದ ಸಿಲಿಕಾನ್ ಚಿಪ್ಪಿಗೆ ಸುಮಾರು 1100ರವರೆಗೂ ಕಾಣುತ್ತದೆ. ನಡುವಿನ ಆ ಜಾಗದಲ್ಲಿ, ಸಾಮಾನ್ಯವಾಗಿ 850 ನ್ಯಾನೋಮೀಟರ್ ಹತ್ತಿರ, ಎಲ್‌ಇಡಿ ಉರಿಸುತ್ತಾರೆ. ಅನುಮಾನವಿದ್ದರೆ ಟಿವಿ ರಿಮೋಟ್ ಒತ್ತಿ ಅದರ ತುದಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಕಣ್ಣಿಗೆ ಕಾಣದ ಬೆಳಕು ಪರದೆಯ ಮೇಲೆ ತಿಳಿನೇರಳೆಯಾಗಿ ಮಿನುಗುತ್ತದೆ. ಹಿಂಬದಿ ಕ್ಯಾಮೆರಾಗಳಲ್ಲಿ ಈ ಬೆಳಕನ್ನು ತಡೆಯುವ ಫಿಲ್ಟರ್ ಜಾಸ್ತಿ ಬಿಗಿಯಾಗಿರುವುದುಂಟು.

ವೆಬ್‌ಕ್ಯಾಮ್‌ನಲ್ಲೂ ಅಂಥ ಫಿಲ್ಟರ್ ಇರುತ್ತದೆ. ಮನೆಯಲ್ಲೇ ಮಾಡಿಕೊಳ್ಳುವವರು ಲೆನ್ಸ್ ಬಿಚ್ಚಿ ಆ ಸಣ್ಣ ಗಾಜನ್ನು ತೆಗೆದುಬಿಡುತ್ತಾರೆ. ಬಳಿಕ ಉಲ್ಟಾ ಕೆಲಸ: ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಅವಗೆಂಪನ್ನು ಮಾತ್ರ ಒಳಗೆ ಬಿಡಬೇಕು. ಇದಕ್ಕೊಂದು ಚೆಂದದ ಅಗ್ಗದ ದಾರಿ ಇದೆ. ಹಳೆಯ ಕಲರ್ ಫಿಲಂ ರೋಲಿನಲ್ಲಿ ಬೆಳಕು ಬಿದ್ದು ಪೂರ್ತಿ ಕಪ್ಪಾದ ತುದಿ ಇರುತ್ತದಲ್ಲ, ತೊಳೆದ ನೆಗೆಟಿವ್‌ನದು, ಅದರ ಎರಡು ಪದರ ಸಾಕು. ನಮ್ಮ ಬಾಗಲಕೋಟೆಯಂಥ ಊರಿನ ಯಾವುದಾದರೂ ಹಳೆಯ ಫೋಟೋ ಸ್ಟುಡಿಯೋದಲ್ಲಿ ಕೇಳಿದರೆ ಸುಮ್ನೆ ಕೊಟ್ಟಾರು. ಕಲರ್ ಫಿಲಮ್ಮೇ ಆಗಬೇಕು ಅನ್ನುವುದು ಮಾತ್ರ ನೆನಪಿರಲಿ. ಅದರ ಕಪ್ಪು ಬರುವುದು ಬಣ್ಣಗಳಿಂದ, ಆ ಬಣ್ಣಗಳು ಅವಗೆಂಪನ್ನು ತಡೆಯುವುದಿಲ್ಲ. ಕಪ್ಪು-ಬಿಳುಪು ಫಿಲಮ್ಮಿನ ಕಪ್ಪು ಬೆಳ್ಳಿಯ ಕಣಗಳದ್ದು. ಅದು ಎರಡನ್ನೂ ತಡೆಯುತ್ತದೆ.

ಇಷ್ಟಾದ ಮೇಲೆ ಕ್ಯಾಮೆರಾದ ಎಕ್ಸ್‌ಪೋಷರ್ ಕಡಿಮೆ ಮಾಡಿದರೆ ಪರದೆ ಹೆಚ್ಚುಕಡಿಮೆ ಪೂರ್ತಿ ಕಪ್ಪಾಗುತ್ತದೆ. ಮುಖ ಇಲ್ಲ, ಗೋಡೆ ಇಲ್ಲ, ಕ್ಯಾಲೆಂಡರ್ ಇಲ್ಲ. ಮೂರು ಬಿಳಿ ಚುಕ್ಕೆ ಮಾತ್ರ. 640 ಅಡ್ಡ, 480 ಉದ್ದದ ಚಿತ್ರದಲ್ಲಿ 3,07,200 ಪಿಕ್ಸೆಲ್ ಇರುತ್ತವೆ. ಬೆಳ್ಳಗಿರುವುದು ನೂರೋ ನೂರಿಪ್ಪತ್ತೋ. ನನ್ನ ಪ್ರಕಾರ ಈ ವಿದ್ಯೆಯ ಜಾಣತನ ಪೂರ್ತಿ ಇರುವುದು ಇಲ್ಲೇ. ಬೇಡದ್ದನ್ನು ಕ್ಯಾಮೆರಾದ ಕಣ್ಣಿನಿಂದ ಮೊದಲೇ ಮರೆಮಾಡಿದರೆ ಕಂಪ್ಯೂಟರ್‌ಗೆ ಬುದ್ಧಿ ಜಾಸ್ತಿ ಬೇಕಾಗುವುದಿಲ್ಲ. ಹಳೆಯ ಲ್ಯಾಪ್‌ಟಾಪ್ ಕೂಡ ಬೆವರದೆ ಮಾಡುತ್ತದೆ.

ಉಳಿದದ್ದು ರೇಖಾಗಣಿತ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಮಜಾ ಇದೆ.

ಕ್ಯಾಮೆರಾದ ನೋಟದ ಅಗಲ 50 ಡಿಗ್ರಿ, ನೀವು ಕೂತಿರುವುದು 60 ಸೆಂಟಿಮೀಟರ್ ದೂರದಲ್ಲಿ ಎಂದುಕೊಳ್ಳಿ. ಆಗ ಟೋಪಿಯ ಮೇಲಿನ 1 ಮಿಲಿಮೀಟರ್ ಚಿತ್ರದಲ್ಲಿ ಸುಮಾರು 1.1 ಪಿಕ್ಸೆಲ್. 10 ಸೆಂಟಿಮೀಟರ್ ಅಂತರದ ಎರಡು ಚುಕ್ಕೆಗಳ ನಡುವೆ 114 ಪಿಕ್ಸೆಲ್ ಬರುತ್ತದೆ. ನೀವು ಕುರ್ಚಿಗೆ ಒರಗಿ 10 ಸೆಂಟಿಮೀಟರ್ ಹಿಂದೆ ಹೋದರೆ ಅದು 98ಕ್ಕೆ ಇಳಿಯುತ್ತದೆ. ದೂರ ಗೊತ್ತಾಯಿತು. ತಲೆಯನ್ನು ಭುಜದ ಕಡೆ ವಾಲಿಸಿದರೆ ಚುಕ್ಕೆಗಳ ಗೆರೆಯೂ ವಾಲುತ್ತದೆ. ಅದೂ ಸುಲಭ.

ಕಷ್ಟ ಬರುವುದು ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿದಾಗ. ಚುಕ್ಕೆಗಳೆಲ್ಲ ಒಂದೇ ಮಟ್ಟದಲ್ಲಿ, ಹಣೆಗೆ ಹಚ್ಚಿದ ಹಲಗೆಯ ಮೇಲಿದ್ದಂತೆ, ಇದ್ದರೆ 1 ಡಿಗ್ರಿ ತಿರುಗಿದಾಗ ಆ 114 ಪಿಕ್ಸೆಲ್ ಅಗಲ ಕುಗ್ಗುವುದು ಬರೀ 0.02 ಪಿಕ್ಸೆಲ್‌ನಷ್ಟು. ಯಾವ ಕ್ಯಾಮೆರಾಗೂ ಅದು ತಿಳಿಯದು. ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಕುಗ್ಗುವುದು ಅಷ್ಟೇ, ಹಾಗಾಗಿ ದಿಕ್ಕೂ ಸರಿಯಾಗಿ ತಿಳಿಯುವುದಿಲ್ಲ. ಈಗ ಒಂದು ಚುಕ್ಕೆಯನ್ನು ಉಳಿದೆರಡಕ್ಕಿಂತ 8 ಸೆಂಟಿಮೀಟರ್ ಮುಂದೆ ಚಾಚಿ ಇಡಿ. ಅದೇ 1 ಡಿಗ್ರಿಗೆ ಮುಂದಿನ ಚುಕ್ಕೆ ಹಿಂದಿನವುಗಳಿಗಿಂತ 1.4 ಮಿಲಿಮೀಟರ್, ಅಂದರೆ ಸುಮಾರು 1.6 ಪಿಕ್ಸೆಲ್ ಪಕ್ಕಕ್ಕೆ ಸರಿಯುತ್ತದೆ. ಎಡಕ್ಕೆ ತಿರುಗಿದರೆ ಒಂದು ಕಡೆ, ಬಲಕ್ಕೆ ತಿರುಗಿದರೆ ಇನ್ನೊಂದು ಕಡೆ. ಅಂಗಡಿಯ ಕ್ಲಿಪ್ಪುಗಳು ವಿಚಿತ್ರವಾಗಿ ಮುಂದೆ ಹಿಂದೆ ಚಾಚಿಕೊಂಡಿರುವುದು ಈ ಕಾರಣಕ್ಕೇ.

ಇನ್ನೊಂದು ಗುಟ್ಟು. ಒಂದೊಂದು ಚುಕ್ಕೆಯೂ ಮೂವತ್ತು ನಲವತ್ತು ಪಿಕ್ಸೆಲ್‌ಗಳ ಗುಂಪು. ಅಂಚಿನವು ಮಬ್ಬು, ನಡುವಿನವು ಬೆಳ್ಳಗೆ. ಹೊಳಪಿಗೆ ತಕ್ಕ ತೂಕ ಕೊಟ್ಟು ಸರಾಸರಿ ತೆಗೆದರೆ ಚುಕ್ಕೆಯ ನಟ್ಟನಡು ಪಿಕ್ಸೆಲ್‌ನ ಹತ್ತನೇ ಒಂದು ಭಾಗದಷ್ಟು ಖಚಿತವಾಗಿ ಸಿಗುತ್ತದೆ. ಅಲ್ಲಿಗೆ ತಲೆ ತಿರುಗಿದ್ದು ಡಿಗ್ರಿಯ ಹತ್ತನೇ ಭಾಗಕ್ಕಿಂತ ಸಣ್ಣದಿದ್ದರೂ ಗೊತ್ತಾಗುತ್ತದೆ.

ಮೂರು ಚುಕ್ಕೆ, ಪ್ರತಿಯೊಂದಕ್ಕೂ ಅಡ್ಡ ಮತ್ತು ಉದ್ದ, ಒಟ್ಟು ಆರು ಸಂಖ್ಯೆ. ನಮಗೆ ಬೇಕಾದದ್ದೂ ಆರೇ: ಎಡಬಲ, ಮೇಲೆ ಕೆಳಗೆ, ಮುಂದೆ ಹಿಂದೆ ಸರಿದದ್ದು ಮೂರು. ತಿರುಗಿದ್ದು, ಬಾಗಿದ್ದು, ವಾಲಿದ್ದು ಮೂರು. ಲೆಕ್ಕ ಸರಿಹೋಯಿತು ಅನ್ನಬೇಡಿ. ಜರ್ಮನಿಯ ಗಣಿತಜ್ಞ ಗ್ರೂನರ್ಟ್ 1841ರಲ್ಲೇ ಈ ಮೂರು ಬಿಂದುಗಳ ಸಮಸ್ಯೆಯನ್ನು ಬಿಡಿಸಿದ್ದ. ಇದಕ್ಕೆ ನಾಲ್ಕು ಉತ್ತರಗಳವರೆಗೂ ಬರಬಹುದು. ತಂತ್ರಾಂಶ ಏನು ಮಾಡುತ್ತದೆ ಅಂದರೆ, ಹಿಂದಿನ ಚಿತ್ರದಲ್ಲಿ ತಲೆ ಎಲ್ಲಿತ್ತೋ ಅದಕ್ಕೆ ಹತ್ತಿರದ ಉತ್ತರವನ್ನು ಆರಿಸಿಕೊಳ್ಳುತ್ತದೆ. ಎರಡು ಚಿತ್ರಗಳ ನಡುವಿನ ಚೂರು ಹೊತ್ತಿನಲ್ಲಿ ತಲೆ ಎಷ್ಟು ದೂರ ಹೋದೀತು, ಅಲ್ವಾ?

ನಮ್ಮ ಅಕ್ಕನ ಮಗ ವಿಜಯಪುರದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಅವನ ಕೋಣೆಯಲ್ಲಿ ಇಂಥದ್ದೊಂದು ಇದೆ, ಹಳೆಯ ವೆಬ್‌ಕ್ಯಾಮ್, ಓಪನ್‌ಟ್ರ್ಯಾಕ್ ಎಂಬ ಉಚಿತ ತಂತ್ರಾಂಶ, ತಾನೇ ಬಗ್ಗಿಸಿದ ತಂತಿಯ ಕ್ಲಿಪ್ಪು. ಏಪ್ರಿಲ್ ಬಿಸಿಲಿನಲ್ಲಿ ಹೋಗಿದ್ದೆ. ಆಟದೊಳಗಿನ ವಿಮಾನ ಒಮ್ಮೆಲೇ ಆಕಾಶ ನೋಡತೊಡಗಿತು. "ಮಾಮಾ, ಆ ಪರದೆ ಸ್ವಲ್ಪ ಎಳೀರಿ. ಬಿಸಿಲು ಬಿದ್ರ ತೆಲಿ ಎಲ್ಲೆಲ್ಲೋ ತಿರಗತೈತಿ" ಎಂದ. ಸೂರ್ಯನ ಬೆಳಕಿನಲ್ಲಿ ಅವಗೆಂಪು ಧಾರಾಳ. ಅವನ ಹಿಂದಿನ ಕಿಟಕಿಯ ಸಂದು ಕ್ಯಾಮೆರಾಗೆ ನಾಲ್ಕನೇ ಚುಕ್ಕೆಯಾಗಿ ಕಂಡಿತ್ತು. ಹಳೆಯ ತಂತಿ ಬಲ್ಬಿನದೂ ಇದೇ ಕಾಟ, ದೇವರ ದೀಪದ್ದೂ ಅಷ್ಟೆ. ಎಲ್‌ಇಡಿ ಬಲ್ಬಿನಿಂದ ತೊಂದರೆ ಇಲ್ಲ, ಅದು ಅವಗೆಂಪನ್ನು ಚೆಲ್ಲುವುದು ತೀರ ಕಡಿಮೆ. ಕಿವಿಯೋಲೆ, ಕನ್ನಡಕದ ಅಂಚು ಕೂಡ ಆಗಾಗ ಮಿಂಚಿ ಮೋಸ ಮಾಡುತ್ತವೆ. ಆದರೆ ಅವು ಸಾದಾ ಕನ್ನಡಿಗಳು, ಒಂದು ಕೋನಕ್ಕೆ ಸರಿಯಾಗಿ ಸಿಕ್ಕಾಗ ಮಾತ್ರ ಹೊಳೆಯುತ್ತವೆ. 940 ನ್ಯಾನೋಮೀಟರ್ ಎಲ್‌ಇಡಿ ಹಾಕಿದರೆ ಬಿಸಿಲಿನ ಕಾಟ ಸ್ವಲ್ಪ ತಗ್ಗುತ್ತದೆ, ಏಕೆಂದರೆ ಆ ಬೆಳಕನ್ನು ಗಾಳಿಯಲ್ಲಿನ ನೀರಾವಿ ಒಂದಷ್ಟು ಹೀರಿಕೊಂಡಿರುತ್ತದೆ. ಆದರೆ ಸಿಲಿಕಾನ್ ಚಿಪ್ಪಿಗೂ 940 ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಅಗ್ಗದ ಉಪಾಯ ಪರದೆ ಎಳೆಯುವುದೇ. ಎಲ್‌ಇಡಿ ಜಾಸ್ತಿ ಜೋರು ಮಾಡಲು ಮಾತ್ರ ಹೋಗಬೇಡಿ. ಕಾಣದ ಬೆಳಕಿಗೆ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ಆಟದಲ್ಲಿ ಇನ್ನೊಂದು ತಮಾಷೆ ಇದೆ. ನೀವು ಹಿಂದೆ ನೋಡಲು ತಲೆ ಪೂರ್ತಿ ತಿರುಗಿಸಿದರೆ ಮಾನಿಟರ್ ಎಲ್ಲಿ ಕಾಣಬೇಕು? ಹಾಗಾಗಿ ತಂತ್ರಾಂಶ ಅಳತೆಯನ್ನು ಹಿಗ್ಗಿಸುತ್ತದೆ. ನೀವು 20 ಡಿಗ್ರಿ ತಿರುಗಿದರೆ ಆಟದೊಳಗೆ 100 ಡಿಗ್ರಿ. ಹಿಗ್ಗಿಸಿದಷ್ಟೂ ಉಸಿರಾಟದ ಅಲುಗಾಟ ಕೂಡ ದೊಡ್ಡದಾಗಿ ಕಾಣುತ್ತದೆ. ಅದನ್ನು ಸಮ ಮಾಡಲು ಹೋದರೆ ಚಿತ್ರ ತಲೆಗಿಂತ ಹಿಂದೆ ಬೀಳುತ್ತದೆ. ತಲೆ ನಿಂತಿದ್ದಾಗ ಬಿಗಿ ಹಿಡಿದು, ಓಡುವಾಗ ಸಡಿಲ ಬಿಡುವ ಲೆಕ್ಕಗಳು ಈಗ ಬಂದಿವೆ. ನನಗೆ ಅವು ಹಿಡಿಸಿವೆ. ಆದರೆ ಇದೇ ಸರಿ ಅನ್ನುವ ಒಂದು ಸೆಟ್ಟಿಂಗ್ ಯಾರೂ ಹೇಳಲಾರರು. ಒಬ್ಬರ ಕುತ್ತಿಗೆ ಇನ್ನೊಬ್ಬರಿಗೆ ಒಗ್ಗುವುದಿಲ್ಲ.

ಆಸ್ಪತ್ರೆಯ ಉಪಕರಣಗಳಲ್ಲಿ ಕ್ಯಾಮೆರಾ ಎರಡು, ಚುಕ್ಕೆಗಳ ಬದಲು ಪ್ರತಿಫಲಿಸುವ ಸಣ್ಣ ಗೋಲಿಗಳು. ಎರಡು ಕಣ್ಣಿನಿಂದ ನೋಡುವುದರಿಂದ ದೂರದ ಅಳತೆ ನೇರವಾಗಿ ಸಿಗುತ್ತದೆ. ರೋಗಿಯ ತಲೆಗೆ ಬಿಗಿದ ಚೌಕಟ್ಟಿನಲ್ಲೂ ಗೋಲಿ, ಡಾಕ್ಟರ ಕೈಯ ಉಪಕರಣದಲ್ಲೂ ಗೋಲಿ. ಉಪಕರಣದ ತುದಿ ಮೆದುಳಿನ ಒಳಗೆಲ್ಲಿದೆ ಎಂದು ಸ್ಕ್ಯಾನ್ ಚಿತ್ರದ ಮೇಲೆ ಕಾಣುತ್ತಿರುತ್ತದೆ. ನಡುವೆ ಯಾರಾದರೂ ಅಡ್ಡ ನಿಂತರೆ ಮುಗಿಯಿತು, ಕ್ಯಾಮೆರಾಗೆ ಏನೂ ಕಾಣುವುದಿಲ್ಲ. ಈ ವಿದ್ಯೆಯ ದೊಡ್ಡ ದೌರ್ಬಲ್ಯ ಇದು.

ಸಾದಾ ವೆಬ್‌ಕ್ಯಾಮ್‌ನಲ್ಲಿ ಮುಖವನ್ನೇ ಗುರುತಿಸಿ, ಯಾವ ಚುಕ್ಕೆಯೂ ಇಲ್ಲದೆ ತಲೆಯ ದಿಕ್ಕು ಹೇಳುವ ತಂತ್ರಾಂಶಗಳು ಈಗ ಬಂದಿವೆ. ಆಟಕ್ಕೆ ಅವು ಸಾಕು. ಆದರೆ ಕತ್ತಲಲ್ಲಿ ಅವಕ್ಕೆ ಕಣ್ಣು ಕಾಣದು, ಕಂಪ್ಯೂಟರ್‌ನ ಶಕ್ತಿಯನ್ನೂ ಜಾಸ್ತಿ ತಿನ್ನುತ್ತವೆ.

ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಬೆನ್ನುಹುರಿಗೆ ಪೆಟ್ಟಾಗಿ ಕೈ ಆಡದವರ ಬಳಕೆ. ಅವರಿಗೆ ಮೂರು ಚುಕ್ಕೆಯೂ ಬೇಡ. ಹಣೆಯ ಮೇಲೆ ಕುಂಕುಮದ ಜಾಗದಲ್ಲಿ ಪಟ್ಟಿಯ ಒಂದು ತುಣುಕು ಸಾಕು. ಅದು ಸರಿದಂತೆ ಮೌಸ್ ಬಾಣ ಸರಿಯುತ್ತದೆ. ಒಂದು ಗುಂಡಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿದರೆ ಕ್ಲಿಕ್ ಆಗುತ್ತದೆ. ಪರದೆಯ ಮೇಲಿನ ಕೀಲಿಮಣೆಯಲ್ಲಿ ಇಂಗ್ಲಿಷ್ ಬರೆಯುವವರಿಗೆ ಒಂದು ಅಕ್ಷರಕ್ಕೆ ಒಂದು ನಿಲುಗಡೆ. ಕನ್ನಡದಲ್ಲಿ "ಕ್ಷ" ಬರೆಯಲು ಕಕಾರ, ಅರ್ಧಾಕ್ಷರದ ಗುರುತು, ಷಕಾರ, ಹೀಗೆ ಮೂರು. "ಕ್ಷೇಮ" ಎಂಬ ಎರಡಕ್ಷರದ ಮಾತಿಗೆ ಐದು ಸಲ ಕುತ್ತಿಗೆ ನಿಲ್ಲಿಸಬೇಕು. ಪದದ ಮೊದಲ ಭಾಗ ನೋಡಿ ಉಳಿದದ್ದನ್ನು ತಾನೇ ಸೂಚಿಸುವ ಕನ್ನಡ ಕೀಲಿಮಣೆ ಜೊತೆಗಿದ್ದರೆ ಅದರಲ್ಲಿ ಒಂದಷ್ಟಾದರೂ ಉಳಿತಾಯವಾಗುತ್ತದೆ. ಪಟ್ಟಿಯ ತುಣುಕಿಗೂ ಹಳೆಯ ಕ್ಯಾಮೆರಾಗೂ ದೊಡ್ಡ ಖರ್ಚಿಲ್ಲ. ಇಲ್ಲಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟ್ ಹುಡುಕುತ್ತಿದ್ದರೆ ಆ ಕೀಲಿಮಣೆಯಿಂದಲೇ ಶುರುಮಾಡಬಹುದು.